ಬಳಸಿದ ಕ್ಯಾಮೆರಾ ಎಲ್ಲಿ ಮಾರಬೇಕು?

ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ, ಹೋಬಳಿ ಊರುಗಳಲ್ಲಿ ಫೋಟೊ ಸ್ಟುಡಿಯೋ ಇಟ್ಟುಕೊಂಡು ಸಂಸಾರ ನಡೆಸುತ್ತಿರುವವರನ್ನು ನೀವೆಲ್ಲ ಬಲ್ಲಿರಿ. ಮದುವೆ, ನಾಮಕರಣ, ಗೃಹಪ್ರವೇಶ, ಶಾಲೆಯ ಗುಂಪುಚಿತ್ರ, ಪಾಸ್‌ಪೋರ್ಟ್ ಫೋಟೊ, ಇವು ಅವರ ಅನ್ನ. ಅವರ ಬಂಡವಾಳವೆಂದರೆ ಕ್ಯಾಮೆರಾ ಬಾಡಿ ಎರಡು, ಲೆನ್ಸು ಮೂರು ನಾಲ್ಕು, ಫ್ಲ್ಯಾಶ್, ಟ್ರೈಪಾಡ್. ಸಾಲ ಮಾಡಿ ಕೊಂಡದ್ದು, ಕಂತು ಕಟ್ಟಿ ತೀರಿಸಿದ್ದು. ಆ ಬಂಡವಾಳ ಈಗ ಕಪಾಟಿನೊಳಗೇ ಕರಗುತ್ತಿದೆ. ಕ್ಯಾನನ್ ಮತ್ತು ನಿಕಾನ್ ಕಂಪನಿಗಳು ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾದ ಹೊಸ ಮಾದರಿಯನ್ನು ಕೊನೆಯದಾಗಿ ಹೊರತಂದದ್ದು 2020 ರಲ್ಲಿ. ಅದಕ್ಕೂ ಮೊದಲು, 2018 ರಲ್ಲೇ, ಎರಡೂ ಕಂಪನಿಗಳು ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗಾಗಿ ಹೊಸ ಮೌಂಟ್‌ಗಳನ್ನು ತಂದವು. ಹಳೆಯ ಕ್ಯಾಮೆರಾ ಕೆಟ್ಟಿಲ್ಲ, ಚಿತ್ರ ಮೊದಲಿನಷ್ಟೇ ಚೆನ್ನಾಗಿ ಬರುತ್ತದೆ. ಆದರೂ ವರ್ಷದಿಂದ ವರ್ಷಕ್ಕೆ ಬೆಲೆ ಇಳಿಯುತ್ತದೆ. ಮಾರಿ, ಬಂದ ಹಣವನ್ನು ಹೊಸದಕ್ಕೆ ಹಾಕಿಕೊಳ್ಳೋಣ ಎಂದು ಹೊರಟವರಿಗೆ ಅಂತರ್ಜಾಲದಲ್ಲಿ ಹತ್ತಾರು ಬಾಗಿಲುಗಳು ಕಾಣಿಸುತ್ತವೆ. ಯಾವ ಬಾಗಿಲು ತಟ್ಟಬೇಕು ಎಂಬುದು ಇಂದಿನ ವಿಷಯ.

ಎಲ್ಲದಕ್ಕೂ ಒಳ್ಳೆಯದಾದ ಒಂದೇ ತಾಣ ಎಂಬುದು ಇಲ್ಲ. ಲೆಕ್ಕಕ್ಕೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಕ್ಯಾಮೆರಾಕ್ಕೆ ನೇರವಾಗಿ ಬಳಸುವವರು 40,000 ರೂಪಾಯಿ ಕೊಡುತ್ತಾರೆ, ಹಳೆಯದನ್ನು ಕೊಂಡು ಮಾರುವ ಅಂಗಡಿಯವರು 28,000 ಕೊಡುತ್ತಾರೆ ಎನ್ನಿ. ನಡುವಿನ 12,000 ರೂಪಾಯಿಯನ್ನು ಅಂಗಡಿಯವರು ಹೊಡೆದುಕೊಂಡರು ಎಂದು ನಮಗೆ ಅನ್ನಿಸುತ್ತದೆ. ಆದರೆ ಆ ಹಣಕ್ಕೆ ಪ್ರತಿಯಾಗಿ ಅವರು ಏನೇನು ಹೊರುತ್ತಾರೆ, ನೋಡಿ. ಗಿರಾಕಿ ಸಿಗುವತನಕ ಕಾಯುತ್ತಾರೆ, ಇಪ್ಪತ್ತು ಜನರ ಫೋನಿಗೆ ಉತ್ತರಿಸುತ್ತಾರೆ, ತಿಂಗಳೊಳಗೆ ಶಟರ್ ಕೈಕೊಟ್ಟರೆ ಬೈಸಿಕೊಳ್ಳುತ್ತಾರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರದ ಮೇಲೆ ಜಿಎಸ್‌ಟಿ ಕಟ್ಟುತ್ತಾರೆ. ನೀವೇ ನೇರವಾಗಿ ಮಾರಿದರೆ ತೆರಿಗೆಯೊಂದನ್ನು ಬಿಟ್ಟು ಉಳಿದ ಹೊರೆಯೆಲ್ಲ ನಿಮ್ಮ ಹೆಗಲಿಗೆ. ಹೊರಬಲ್ಲವರಿಗೆ ಆ 12,000 ಸಂಪಾದನೆ. ಹೊರಲಾರದವರಿಗೆ ಅದು ಬಲೆ. ಆದ್ದರಿಂದ ತಾಣವನ್ನು ಆರಿಸುವುದೆಂದರೆ ಯಾವ ವಸ್ತುವಿಗೆ ಎಷ್ಟು ಹೊರೆ ನಾನು ಹೊರುತ್ತೇನೆ ಎಂದು ತೀರ್ಮಾನಿಸುವುದು.

ನಮ್ಮಲ್ಲಿ ಈಗ ಇರುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಂಥ ವರ್ಗೀಕೃತ ಜಾಹೀರಾತಿನ ತಾಣಗಳು. ಪತ್ರಿಕೆಯಲ್ಲಿ ಮೂರು ಸಾಲಿನ ಜಾಹೀರಾತು ಕೊಡುತ್ತಿದ್ದೆವಲ್ಲ, ಅದರ ಮುಂದುವರಿದ ರೂಪ ಇದು. ತಾಣವು ಇಬ್ಬರನ್ನು ಪರಿಚಯ ಮಾಡಿಸುತ್ತದೆ, ಅಷ್ಟೇ. ಹಣ, ವಸ್ತು, ಜಗಳ ಎಲ್ಲವೂ ನಿಮ್ಮಿಬ್ಬರ ನಡುವೆ. ಎರಡನೆಯದು ಹಳೆಯ ಕ್ಯಾಮೆರಾಗಳನ್ನೇ ವ್ಯಾಪಾರ ಮಾಡುವ ಅಂಗಡಿಗಳು. ಬೆಂಗಳೂರಿನಲ್ಲಿ, ಇತರ ದೊಡ್ಡ ನಗರಗಳಲ್ಲಿ ಇಂಥವು ಇವೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳಿಸಿದರೆ ಅಂದಾಜು ಬೆಲೆ ಹೇಳುತ್ತಾರೆ, ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಖಚಿತ ಬೆಲೆ. ಕೆಲವರು ನಿಮ್ಮ ವಸ್ತುವನ್ನು ತಮ್ಮಲ್ಲಿಟ್ಟುಕೊಂಡು, ಮಾರಾಟವಾದ ಮೇಲೆ ಕಮಿಷನ್ ಹಿಡಿದು ಉಳಿದದ್ದನ್ನು ಕೊಡುತ್ತಾರೆ. ಇದಕ್ಕೆ ಒಪ್ಪುವುದಾದರೆ ಕ್ಯಾಮೆರಾದ ಕ್ರಮಸಂಖ್ಯೆ, ಕನಿಷ್ಠ ಬೆಲೆ, ಗಡುವು, ಈ ಮೂರನ್ನೂ ಬರೆಸಿಕೊಳ್ಳಬೇಕು. ಮೂರನೆಯದು ಛಾಯಾಗ್ರಾಹಕರದೇ ಗುಂಪುಗಳು, ಜಿಲ್ಲಾ ಸಂಘದವರ ವಾಟ್ಸ್‌ಆ್ಯಪ್ ಬಳಗಗಳು, ಹವ್ಯಾಸಿಗಳ ಕೂಟಗಳು. ಇಲ್ಲಿ ಜನ ಕಡಿಮೆ, ಆದರೆ ಬಂದವರಿಗೆ ವಸ್ತು ಏನೆಂದು ಗೊತ್ತಿರುತ್ತದೆ. ಮೋಸ ಮಾಡಿದರೆ ಮುಖ ತೋರಿಸಲಾಗದು ಎಂಬ ಅಂಜಿಕೆ ಇರುತ್ತದೆ. ಆ ಅಂಜಿಕೆಗೆ ನಾನು ದೊಡ್ಡ ಬೆಲೆ ಕಟ್ಟುತ್ತೇನೆ.

ನಾಲ್ಕನೆಯದೂ ಒಂದಿತ್ತು. 2004 ರಲ್ಲಿ ಬಾಝೀ ಡಾಟ್ ಕಾಮ್ ಅನ್ನು ಕೊಂಡು ನಮ್ಮ ದೇಶಕ್ಕೆ ಬಂದ ಈಬೇಯಲ್ಲಿ ಸಾಮಾನ್ಯರೂ ತಮ್ಮ ಹಳೆಯ ವಸ್ತುವನ್ನು ಹರಾಜಿಗಿಡಬಹುದಾಗಿತ್ತು. 2017 ರಲ್ಲಿ ಅದರ ಭಾರತದ ವ್ಯವಹಾರ ಫ್ಲಿಪ್‌ಕಾರ್ಟ್ ಕೈಸೇರಿ, 2018 ರ ಆಗಸ್ಟ್‌ನಲ್ಲಿ ಇಲ್ಲಿನ ತಾಣ ಮುಚ್ಚಿತು. ಹೊರದೇಶದ ಈಬೇ ಮಾತ್ರ ನಡೆಯುತ್ತಿದೆ. ಅಲ್ಲಿಗೆ ಇಲ್ಲಿಂದ ಮಾರುವುದು ರಫ್ತು ವ್ಯವಹಾರ, ಸುಂಕ ಮತ್ತು ಕಾಗದಪತ್ರಗಳ ಕೆಲಸ. ಒಂದೆರಡು ಕ್ಯಾಮೆರಾ ಇರುವವರು ಅತ್ತ ಹೋಗದಿರುವುದೇ ಲೇಸು. ಆದರೆ ಬೆಲೆ ತಿಳಿಯಲು ಅದು ಬಹಳ ಉಪಯುಕ್ತ.

ಯಾಕೆಂದು ಹೇಳುತ್ತೇನೆ. ನಮ್ಮವರು ಬೆಲೆ ನಿಗದಿ ಮಾಡುವ ಕ್ರಮ ಹೀಗಿದೆ: ಓಎಲ್‌ಎಕ್ಸ್ ತೆರೆದು, ಅದೇ ಮಾದರಿಯನ್ನು ಬೇರೆಯವರು ಎಷ್ಟಕ್ಕೆ ಇಟ್ಟಿದ್ದಾರೆ ಎಂದು ನೋಡಿ, ತಾವೂ ಅಷ್ಟಕ್ಕೇ ಇಡುತ್ತಾರೆ. ಅಲ್ಲಿ ಕಾಣುವುದು ಕೇಳುತ್ತಿರುವ ಬೆಲೆ. ಎರಡು ತಿಂಗಳಿಂದ ಕದಲದೆ ಕೂತಿರುವ ಜಾಹೀರಾತು ತಿಳಿಸುವುದು ಆ ಬೆಲೆಗೆ ಕ್ಯಾಮೆರಾ ಹೋಗಲಿಲ್ಲ ಎಂಬುದನ್ನು. ಈಬೇಯಲ್ಲಿ 'ಮಾರಾಟವಾದವು' ಎಂದು ಆರಿಸಿ ಹುಡುಕಿದರೆ ಕಳೆದ ಸುಮಾರು 90 ದಿನಗಳಲ್ಲಿ ನಿಜವಾಗಿ ಹಣ ಕೈಬದಲಾದ ಬೆಲೆಗಳು ಕಾಣುತ್ತವೆ. ಅವು ಡಾಲರಿನ ಬೆಲೆಗಳು, ಹಾಗೆಯೇ ರೂಪಾಯಿಗೆ ತಿರುಗಿಸಿದರೆ ಸರಿಹೋಗುವುದಿಲ್ಲ. ಆದರೆ ಎರಡು ಲೆನ್ಸುಗಳ ಪೈಕಿ ಯಾವುದಕ್ಕೆ ಬೇಡಿಕೆ ಇದೆ, ಯಾವುದಕ್ಕೆ ಇಲ್ಲ ಎಂಬುದು ಅದರಿಂದ ಗೊತ್ತಾಗುತ್ತದೆ. ಇದರ ಜೊತೆಗೆ ಎರಡು ಅಂಗಡಿಗಳಿಂದ ಬೆಲೆ ಕೇಳಿ ಬರೆದಿಟ್ಟುಕೊಳ್ಳಿ. ಅದು ನಿಮ್ಮ ತಳಮಟ್ಟ. ಕೊಂಡ ಬಿಲ್ಲನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕುವುದರಿಂದ ಮಾತ್ರ ಪ್ರಯೋಜನವಿಲ್ಲ. ಡಿಜಿಟಲ್ ಕ್ಯಾಮೆರಾದ ಮೇಲಿನ ಜಿಎಸ್‌ಟಿ 2019 ರ ಜನವರಿ 1 ರಿಂದ ಶೇಕಡಾ 28 ರಿಂದ 18 ಕ್ಕೆ ಇಳಿಯಿತು. ಅದಕ್ಕೆ ಮೊದಲು ಕೊಂಡವರು ಕಟ್ಟಿದ ಹೆಚ್ಚಿನ ತೆರಿಗೆಯನ್ನು ಇಂದಿನ ಗಿರಾಕಿ ಕೊಡುವುದಿಲ್ಲ.

ಇನ್ನು ವಸ್ತುಗಳ ಮಾತು. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಕ್ಯಾಮೆರಾ ಬಾಡಿಯ ಆಯಸ್ಸನ್ನು ಜನ ಅಳೆಯುವುದು ಶಟರ್ ಎಣಿಕೆಯಿಂದ. ನಿಕಾನ್ ಡಿ750, ಕ್ಯಾನನ್ 5ಡಿ ಮಾರ್ಕ್ 3, ಇಂಥವುಗಳ ಶಟರನ್ನು 1,50,000 ಚಿತ್ರಗಳ ಮಟ್ಟಿಗೆ ಪರೀಕ್ಷಿಸಿರುವುದಾಗಿ ಕಂಪನಿಗಳು ಹೇಳುತ್ತವೆ. ಒಂದು ಮದುವೆಗೆ 2,500 ಚಿತ್ರ ತೆಗೆಯುವವರು 60 ಮದುವೆಗೆ ಆ ಅಂಕಿಯನ್ನು ಮುಟ್ಟುತ್ತಾರೆ. ಮುಟ್ಟಿದ ಕೂಡಲೇ ಶಟರ್ ನಿಲ್ಲುತ್ತದೆ ಎಂದೇನಿಲ್ಲ. ಆದರೆ ಬೆಲೆ ಬೀಳುತ್ತದೆ. ನಿಕಾನ್‌ನಲ್ಲಿ ಈ ಎಣಿಕೆ ಚಿತ್ರದ ಕಡತದೊಳಗೇ ಬರೆದಿರುತ್ತದೆ, ಸಣ್ಣದೊಂದು ತಂತ್ರಾಂಶದಿಂದ ಓದಬಹುದು. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾವನ್ನೇ ಕಂಪ್ಯೂಟರಿಗೆ ಜೋಡಿಸಿ ಓದಬೇಕಾಗುತ್ತದೆ. ಒಂದು ಸೂಕ್ಷ್ಮ: ಗಂಟೆಗಟ್ಟಲೆ ವೀಡಿಯೊ ಚಿತ್ರೀಕರಿಸಿದರೂ ಈ ಎಣಿಕೆ ಹೆಚ್ಚು ಏರುವುದಿಲ್ಲ, ಆದರೆ ಕ್ಯಾಮೆರಾ ಮಾತ್ರ ಬಿಸಿಯಾಗಿ ದುಡಿದಿರುತ್ತದೆ. ನಮ್ಮ ವೃತ್ತಿಯವರು ಮಾರುವಾಗ ಇದನ್ನು ತಾವಾಗಿಯೇ ಹೇಳುವುದು ಮರ್ಯಾದೆ. ಬಾಡಿಯ ಬೆಲೆ ಕಾದಷ್ಟೂ ಇಳಿಯುವುದರಿಂದ, ಹೆಚ್ಚು ದುಡಿದ ಬಾಡಿಯನ್ನು ಅಂಗಡಿಗೆ ಬೇಗ ಕೊಟ್ಟುಬಿಡುವುದೇ ನನ್ನ ಸಲಹೆ. ಕಡಿಮೆ ಎಣಿಕೆಯ, ಪೆಟ್ಟಿಗೆ ಮತ್ತು ಬಿಲ್ಲು ಇರುವ ಬಾಡಿಗೆ ಜಾಹೀರಾತಿನ ತಾಣ ಸರಿ. ಕಾಲೇಜು ಹುಡುಗರು, ಹೊಸದಾಗಿ ಕಲಿಯುವವರು ಅಲ್ಲಿ ಹುಡುಕುತ್ತಾರೆ.

ಲೆನ್ಸಿನ ಸ್ವಭಾವ ಬೇರೆ. ಗಾಜಿನ ವಕ್ರೀಭವನ ಹತ್ತು ವರ್ಷದಲ್ಲಿ ಬದಲಾಗುವುದಿಲ್ಲ. ಆದ್ದರಿಂದ ಒಳ್ಳೆಯ ಲೆನ್ಸಿನ ಬೆಲೆ ಬಾಡಿಗಿಂತ ನಿಧಾನವಾಗಿ ಇಳಿಯುತ್ತದೆ. 1987 ರಲ್ಲಿ ಬಂದ ಕ್ಯಾನನ್ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಇಂದಿನ ಮಿರರ್‌ಲೆಸ್ ಬಾಡಿಯ ಮೇಲೂ ತಾವಾಗಿ ಫೋಕಸ್ ಮಾಡುತ್ತವೆ. ನಿಕಾನ್‌ನಲ್ಲಿ ಎರಡು ಜಾತಿ. ಒಳಗೆ ಮೋಟಾರ್ ಇರುವ ಎಎಫ್-ಎಸ್ ಲೆನ್ಸುಗಳು ಎಫ್‌ಟಿಝಡ್ ಅಡಾಪ್ಟರಿನೊಂದಿಗೆ ಚೆನ್ನಾಗಿ ನಡೆಯುತ್ತವೆ. ಬಾಡಿಯ ಮೋಟಾರನ್ನೇ ನಂಬಿದ ಹಳೆಯ ಎಎಫ್-ಡಿ ಲೆನ್ಸುಗಳು ಅದರ ಮೇಲೆ ತಾವಾಗಿ ಫೋಕಸ್ ಮಾಡಲಾರವು. ಇವನ್ನು ಎಲ್ಲರೂ ನೋಡುವ ತಾಣದಲ್ಲಿ ಇಟ್ಟರೆ, ಕೊಂಡವರು ಮನೆಗೆ ಹೋಗಿ 'ಫೋಕಸ್ಸೇ ಆಗುತ್ತಿಲ್ಲ, ಕೆಟ್ಟಿದೆ' ಎಂದು ಮರುದಿನ ಬಾಗಿಲಿಗೆ ಬರುತ್ತಾರೆ. ಛಾಯಾಗ್ರಾಹಕರ ಗುಂಪಿನಲ್ಲಿ ಇಟ್ಟರೆ, ಯಾವ ಬಾಡಿಗೆ ಹೊಂದುತ್ತದೆ ಎಂದು ಬಲ್ಲವರೇ ಕೊಳ್ಳುತ್ತಾರೆ. ವಸ್ತು ಒಂದೇ, ತಾಣ ಬದಲಾದರೆ ಒಂದು ಕಡೆ ತಕರಾರು, ಇನ್ನೊಂದು ಕಡೆ ವ್ಯಾಪಾರ.

ಲೆನ್ಸಿನ ಶತ್ರು ಬೂಷ್ಟು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಹಬ್ಬುತ್ತವೆ. ಬಹಳ ದಿನ ಬಿಟ್ಟರೆ ಅದು ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತದೆ, ಒರೆಸಿದರೂ ಕಲೆ ಉಳಿಯುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಕಾಣುತ್ತದೆ. ಗಿರಾಕಿ ನೋಡುವ ಮೊದಲು ನೀವು ನೋಡಿ, ಇದ್ದರೆ ಜಾಹೀರಾತಿನಲ್ಲೇ ಬರೆಯಿರಿ. ಮುಚ್ಚಿಟ್ಟು ಮಾರಿದ ಬೂಷ್ಟು ಗುಂಪಿನಲ್ಲಿ ನಿಮ್ಮ ಹೆಸರಿಗೂ ಹತ್ತುತ್ತದೆ.

ಫಿಲ್ಮ್ ಕ್ಯಾಮೆರಾಗಳ ಕಥೆ ಇನ್ನೂ ವಿಚಿತ್ರ. ಇಪ್ಪತ್ತು ವರ್ಷ ಯಾರೂ ಕೇಳದಿದ್ದ ನಿಕಾನ್ ಎಫ್‌ಎಂ2, ಪೆಂಟಾಕ್ಸ್ ಕೆ1000, ಯಾಷಿಕಾ ಎಲೆಕ್ಟ್ರೋ 35 ಈಗ ಯುವಕರಿಗೆ ಬೇಕು. 2024 ರಲ್ಲಿ ಪೆಂಟಾಕ್ಸ್ ಹೊಸದಾಗಿ ಒಂದು ಫಿಲ್ಮ್ ಕ್ಯಾಮೆರಾವನ್ನೇ ಬಿಡುಗಡೆ ಮಾಡಿತು. ಇವನ್ನು ಸಾಮಾನ್ಯ ಅಂಗಡಿಗೆ ಒಯ್ದರೆ ಶೋಕೇಸಿನ ಗೊಂಬೆಯ ಬೆಲೆ ಹೇಳುತ್ತಾರೆ. ಫಿಲ್ಮ್ ಹವ್ಯಾಸಿಗಳ ಬಳಗದಲ್ಲಿ ಇದರ ಬೆಲೆಯೇ ಬೇರೆ.

ನನ್ನ ಪರಿಚಯದ ಒಂದು ಮನೆಯ ಸಂಗತಿ ಹೇಳಿದರೆ ಇದೆಲ್ಲ ಇನ್ನೂ ಸ್ಪಷ್ಟವಾದೀತು. ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ಸ್ಟುಡಿಯೋ ನಡೆಸುತ್ತಿದ್ದವರು ತೀರಿಕೊಂಡರು. ಹೆಂಡತಿ, ಪ್ರೌಢಶಾಲೆಗೆ ಹೋಗುವ ಮಗಳು. ಹದಿನೈದು ದಿನಕ್ಕೇ ಒಬ್ಬರು ಬಂದು, 'ಎಲ್ಲ ಸೇರಿ ಇಪ್ಪತ್ತೈದು ಸಾವಿರ ಕೊಡುತ್ತೇನೆ, ಈಗಲೇ ಜೀಪಿಗೆ ಹಾಕಿಕೊಳ್ಳುತ್ತೇನೆ' ಎಂದರಂತೆ. ಆ ತಾಯಿ ಫೋನ್ ಮಾಡಿ ಕೇಳಿದರು, 'ಕೊಟ್ಟುಬಿಡಲಾ ಅಣ್ಣಾ?' ಒಂದು ಭಾನುವಾರ ಕೂತು ಎಲ್ಲವನ್ನೂ ಹರವಿ ನೋಡಿದೆವು. ಡಿಎಸ್‌ಎಲ್‌ಆರ್ ಎರಡು, ಲೆನ್ಸು ಮೂರು, ಅದರಲ್ಲಿ ಒಂದಕ್ಕೆ ಬೂಷ್ಟು. ಫ್ಲ್ಯಾಶ್, ಸ್ಟುಡಿಯೋ ದೀಪಗಳು, ಗಟ್ಟಿಯಾದ ಒಂದು ಟ್ರೈಪಾಡ್, ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಎಫ್‌ಎಂ2.

'ಒಂದೊಂದನ್ನೇ ಬೇರೆ ಬೇರೆ ಕಡೆ ಮಾರಿದರೆ ಎರಡು ತಿಂಗಳಾದರೂ ಹಿಡಿಯುತ್ತದೆ ಅಮ್ಮಾ, ಆದರೆ ಹೆಚ್ಚು ಬರುತ್ತದೆ' ಎಂದೆ.

'ಎರಡು ತಿಂಗಳು ಹೇಗೆ ಕಾಯಲಿ? ಇವಳ ಸ್ಕೂಲ್ ಫೀಸಿಗೆ ಇದೇ ತಿಂಗಳು ಕಡೆ.'

ಅವರ ಮಾತಿನಲ್ಲಿ ನ್ಯಾಯವಿತ್ತು. ಬಾಡಿ ಎರಡನ್ನೂ ಫ್ಲ್ಯಾಶನ್ನೂ ಬೆಂಗಳೂರಿನ ಅಂಗಡಿಯೊಂದಕ್ಕೆ, ಅವರು ಹೇಳಿದ ಬೆಲೆಗೇ ಕೊಟ್ಟೆವು. ಚೌಕಾಸಿಗೆ ಹೋಗಲಿಲ್ಲ. ಅದರಲ್ಲೇ 25,000 ದಾಟಿತು, ಫೀಸು ಕಟ್ಟಿ ಆಯಿತು. ಲೆನ್ಸು, ದೀಪ, ಟ್ರೈಪಾಡ್‌ಗಳು ಜಿಲ್ಲೆಯ ಛಾಯಾಗ್ರಾಹಕರ ಬಳಗದಲ್ಲೇ ಹೋದವು. ತೀರಿಕೊಂಡವರನ್ನು ಬಲ್ಲವರು ಅಲ್ಲಿದ್ದರು, ಒಬ್ಬರೂ ಬೆಲೆ ಜಗ್ಗಲಿಲ್ಲ. ಎಫ್‌ಎಂ2 ಕೊನೆಗೆ ಉಳಿಯಿತು. ಗಿರಾಕಿ ಬಂದಾಗ ಮಗಳು, 'ಅದು ಅಪ್ಪನದು, ಬೇಡ' ಎಂದಳು. ಅದು ಅಲ್ಲೇ ಇದೆ. ಮೊದಲು ಬಂದವರಿಗೆ ಜೀಪು ತುಂಬಿಸಿ ಕಳಿಸಿದ್ದರೆ ಅದೂ ಹೋಗುತ್ತಿತ್ತು.

ಈಗ ಹಣ ಪಡೆಯುವ ವಿಷಯ. ಜಾಹೀರಾತಿನ ತಾಣದಲ್ಲಿ ಕ್ಯಾಮೆರಾ ಹಾಕಿದ ಅರ್ಧ ಗಂಟೆಗೇ ಒಂದು ಕರೆ ಬರಬಹುದು. ತಾನು ಸೈನ್ಯದಲ್ಲಿದ್ದೇನೆ, ಬೇರೆ ಊರಿಗೆ ವರ್ಗವಾಗಿದೆ, ಕ್ಯಾಮೆರಾ ನೋಡುವ ಅಗತ್ಯವಿಲ್ಲ, ನೀವು ಹೇಳಿದ ಬೆಲೆಗೇ ಕೊಳ್ಳುತ್ತೇನೆ ಎನ್ನುತ್ತಾರೆ. ಗುರುತಿನ ಚೀಟಿಯ ಚಿತ್ರವನ್ನೂ ಕಳಿಸುತ್ತಾರೆ. ಆಮೇಲೆ ಒಂದು ಕ್ಯೂಆರ್ ಚಿತ್ರ ಬರುತ್ತದೆ. 'ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ನಿಮ್ಮ ಖಾತೆಗೆ ಬರುತ್ತದೆ' ಎನ್ನುತ್ತಾರೆ. ನೋಡದೆ, ಚೌಕಾಸಿ ಮಾಡದೆ ಹಳೆಯ ಕ್ಯಾಮೆರಾ ಕೊಳ್ಳುವವರನ್ನು ನಾನಂತೂ ಕಂಡಿಲ್ಲ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಪಿನ್ ಒತ್ತಿದಿರೆಂದರೆ ಹಣ ಹೋಗುವುದು ನಿಮ್ಮ ಖಾತೆಯಿಂದ. ಇಂಥ ವಂಚನೆಗಳಿಗೆ ದಾರಿಯಾಗಿದ್ದ, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ 'ಕಲೆಕ್ಟ್' ಕೋರಿಕೆಯನ್ನು 2025 ರ ಅಕ್ಟೋಬರ್ 1 ರಿಂದ ನಿಲ್ಲಿಸಬೇಕೆಂದು ರಾಷ್ಟ್ರೀಯ ಪಾವತಿ ನಿಗಮ ಸೂಚಿಸಿತು. ಕ್ಯೂಆರ್ ತೋರಿಸಿ ಮೋಸ ಮಾಡುವವರು ಅದರಿಂದ ಸುಮ್ಮನಾಗುವುದಿಲ್ಲ. ಇನ್ನು ಕೆಲವರು ಎದುರಿಗೇ ನಿಂತು, ಹಣ ಕಳಿಸಿದಂತೆ ತೋರುವ ನಕಲಿ ಆ್ಯಪ್‌ನ ಪರದೆ ತೋರಿಸುತ್ತಾರೆ. ಅವರ ಫೋನನ್ನು ನೋಡಬೇಡಿ, ನಿಮ್ಮ ಬ್ಯಾಂಕಿನ ಖಾತೆಯಲ್ಲಿ ಹಣ ಬಂದಿದೆಯೇ ನೋಡಿ, ಆಮೇಲೆ ಕ್ಯಾಮೆರಾ ಕೈಬಿಡಿ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ 1930 ಕ್ಕೆ ಕರೆ ಮಾಡಬೇಕು. ಮೊದಲ ಗಂಟೆಗಳಲ್ಲೇ ತಿಳಿಸಿದರೆ ಆ ಹಣವನ್ನು ನಡುವೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಭೇಟಿಗೆ ಹಗಲು ಹೊತ್ತೇ ಒಳ್ಳೆಯದು. ಮನೆಗಿಂತ ಯಾರಾದರೂ ಪರಿಚಯದ ಸ್ಟುಡಿಯೋ ಉತ್ತಮ. ಬ್ಯಾಟರಿ ಚಾರ್ಜ್ ಮಾಡಿಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಕ್ರಮಸಂಖ್ಯೆ, ದಿನಾಂಕ, ಬೆಲೆ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡರೆ, ನಾಳೆ ಆ ಕ್ಯಾಮೆರಾ ಎಲ್ಲಿಗೋ ಹೋಗಿ ಏನೋ ಆದರೆ ನಿಮಗೆ ಆಧಾರ ಇರುತ್ತದೆ. ದೂರದವರಿಗೆ ಕೊರಿಯರ್‌ನಲ್ಲಿ ಕಳಿಸುವುದಾದರೆ ಹಣ ಮೊದಲು ಬರಲಿ, ಕ್ರಮಸಂಖ್ಯೆ ಕಾಣುವಂತೆ ಪೆಟ್ಟಿಗೆ ಕಟ್ಟುವುದನ್ನು ಫೋನಿನಲ್ಲಿ ಚಿತ್ರೀಕರಿಸಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸುವುದಕ್ಕೆ 2016 ರ ಏಪ್ರಿಲ್‌ನಿಂದ ಅಂತರರಾಷ್ಟ್ರೀಯ ನಿಷೇಧವಿದೆ. ಹೆಚ್ಚುವರಿ ಬ್ಯಾಟರಿ ಇದ್ದರೆ ಕೊರಿಯರ್‌ನವರಿಗೆ ತಿಳಿಸಿ ರಸ್ತೆಯ ಮೂಲಕವೇ ಕಳಿಸಿ. ಡ್ರೋನ್ ಇರುವವರಿಗೆ ಇನ್ನೂ ಒಂದು ಕೆಲಸವಿದೆ. 2021 ರ ಡ್ರೋನ್ ನಿಯಮಗಳ ಪ್ರಕಾರ ಅದಕ್ಕೊಂದು ವಿಶಿಷ್ಟ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಕೊಂಡವರ ಹೆಸರಿಗೆ ವರ್ಗಾಯಿಸದೆ ಕೊಟ್ಟರೆ ಅವರು ಹಾರಿಸಿದ್ದಕ್ಕೆ ನಿಮ್ಮನ್ನು ಕೇಳುತ್ತಾರೆ.

ಮೆಮೊರಿ ಕಾರ್ಡನ್ನು ಮಾತ್ರ ಯಾರಿಗೂ ಕೊಡಬೇಡಿ, ಪುಕ್ಕಟೆಯಾಗಿಯೂ ಬೇಡ. ಚಿತ್ರವನ್ನು ಅಳಿಸಿದಾಗ ಅಳಿಯುವುದು ಅದರ ವಿಳಾಸ ಮಾತ್ರ. ಪುಸ್ತಕದ ಪರಿವಿಡಿ ಹರಿದು ಹಾಕಿದ ಹಾಗೆ, ಒಳಗಿನ ಪುಟಗಳು ಹಾಗೇ ಇರುತ್ತವೆ. ಸುಲಭವಾಗಿ ಸಿಗುವ ತಂತ್ರಾಂಶದಿಂದ ಅವನ್ನು ಮತ್ತೆ ತೆಗೆಯಬಹುದು. ನಿಮ್ಮ ಕಾರ್ಡಿನಲ್ಲಿ ಇರುವುದು ಊರಿನ ಹೆಣ್ಣುಮಕ್ಕಳ ಮದುವೆಯ ಚಿತ್ರಗಳು. ನೂರಿನ್ನೂರು ರೂಪಾಯಿ ಹೆಚ್ಚು ಸಿಗುತ್ತದೆಂದು ಅವನ್ನು ಅಪರಿಚಿತರ ಕೈಗೆ ಕೊಡುವಂತಿಲ್ಲ. ಕ್ಯಾಮೆರಾದೊಳಗೂ ನಿಮ್ಮ ಹೆಸರು, ವೈಫೈ ಗುಪ್ತಪದ ಉಳಿದಿರಬಹುದು. ಮೆನುವಿನಲ್ಲಿ ಹೆಸರನ್ನು ಅಳಿಸಿ, ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದು ಕೊಡಿ.

ವೀಡಿಯೊ ಚಿತ್ರೀಕರಣದವರ ಕಪಾಟಿನಲ್ಲಿ ಮಿನಿ ಡಿವಿ, ಡಿವಿಕ್ಯಾಮ್ ಟೇಪಿನ ಕ್ಯಾಮೆರಾಗಳು ಇನ್ನೂ ಇವೆ. ಸೋನಿ ಪಿಡಿ150, ಪಿಡಿ170 ನಮ್ಮ ಎಷ್ಟೋ ಮದುವೆಗಳನ್ನು ಕಂಡ ಕಣ್ಣುಗಳು. ಚಿತ್ರೀಕರಣಕ್ಕೆ ಇವು ಇಂದು ಯಾರಿಗೂ ಬೇಡ ಎಂದು ಗುಜರಿಗೆ ಹಾಕುವವರನ್ನು ನೋಡಿದ್ದೇನೆ. ಆದರೆ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವವರಿಗೆ, ಟೇಪು ಓಡಿಸಬಲ್ಲ ಯಂತ್ರ ಬೇಕೇ ಬೇಕು. ಅವರು ಬಳಸುವುದು ಟೇಪು ಓಡಿಸುವ ಭಾಗವನ್ನು, ಲೆನ್ಸ್ ಮಂಜಾಗಿದ್ದರೂ ಅವರಿಗೆ ಚಿಂತೆಯಿಲ್ಲ. ಜಾಹೀರಾತಿನಲ್ಲಿ 'ಕ್ಯಾಮೆರಾ ಮಾರಾಟಕ್ಕಿದೆ' ಎಂಬುದರ ಬದಲು 'ಟೇಪು ಸರಿಯಾಗಿ ಓಡುತ್ತದೆ' ಎಂದು ಬರೆದು, ಓಡುವುದನ್ನು ತೋರಿಸುವ ಅರ್ಧ ನಿಮಿಷದ ವೀಡಿಯೊ ಹಾಕಿದರೆ ಅಂಥವರ ಕಣ್ಣಿಗೆ ಬೀಳುತ್ತದೆ. ಮಾರುವ ಮೊದಲು ನಿಮ್ಮ ಮನೆಯ ಟ್ರಂಕಿನಲ್ಲಿ ಅದೇ ಟೇಪಿನಲ್ಲಿ ತೆಗೆದ ನಿಮ್ಮವರ ಮದುವೆ, ಅಜ್ಜಿಯ ಮಾತು, ಮಕ್ಕಳ ಮೊದಲ ಹೆಜ್ಜೆ ಇವೆಯೇ ನೋಡಿ. ಅವುಗಳ ಪ್ರತಿ ಮಾಡಿಕೊಂಡ ಮೇಲೆ ಯಂತ್ರವನ್ನು ಮಾರಿ.